ಮ್ಯಾಟ್ ಬೋರ್ಡ್ ಕತ್ತರಿಸುವಾಗ ಮೂಲೆ ಸರಿ ಬರುತ್ತಿಲ್ಲ, ಏನು ಮಾಡಲಿ?

ನೀಲಿಕುಂಚ:
ನನ್ನ ಜಲವರ್ಣ ಚಿತ್ರಗಳಿಗೆ ಮನೆಯಲ್ಲೇ ಫ್ರೇಮ್ ಹಾಕಬೇಕು ಅಂತಿದ್ದೇನೆ. ಫ್ರೇಮಿನೊಳಗೆ ಚಿತ್ರದ ಸುತ್ತ ಬರುವ ದಪ್ಪ ರಟ್ಟಿನಲ್ಲಿ, ಅಂದರೆ ಮ್ಯಾಟ್ ಬೋರ್ಡಿನಲ್ಲಿ, ಚಿತ್ರ ಕಾಣುವ ಕಿಟಕಿಯನ್ನು ನಾನೇ ಕತ್ತರಿಸುತ್ತಿದ್ದೇನೆ. ಓರೆ ಬ್ಲೇಡಿನ ಕೈ ಕಟ್ಟರ್ ಇದೆ, ಸ್ಟೀಲ್ ಸ್ಕೇಲ್ ಇದೆ. ಕಟ್ ನೇರವಾಗಿಯೇ ಬರುತ್ತದೆ, ತೊಂದರೆ ಮೂಲೆಯಲ್ಲಿ. ಒಂದು ಮೂಲೆ ಪೂರ್ತಿ ಬಿಡಿಸಿಕೊಂಡಿರುವುದಿಲ್ಲ, ಎಳೆದರೆ ಮೇಲಿನ ಕಾಗದ ಸಿಪ್ಪೆ ಥರ ಕಿತ್ತು ಬರುತ್ತದೆ. ಇನ್ನೊಂದರಲ್ಲಿ ಬ್ಲೇಡು ದಾಟಿ ಹೋಗಿ ಮುಂಭಾಗದಲ್ಲಿ ಗೀರು ಕಾಣುತ್ತದೆ. ಕತ್ತರಿಸಿದಲ್ಲಿ ಕಾಣುವ ಓರೆಯಾದ ಬಿಳಿ ಅಂಚೂ ನಯವಾಗಿಲ್ಲ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಲೆಕ್ಕ ಇದೆಯಾ? ಚಿತ್ರ ಅಂಟಿಸಲು ಸೆಲ್ಲೋಟೇಪ್ ಸಾಕಾ?

ಓರೆಗೆರೆ:
ಲೆಕ್ಕ ಖಂಡಿತ ಇದೆ. ನೀವು ಗೆರೆ ಹಾಕುವುದು, ಕತ್ತರಿಸುವುದು ಎರಡೂ ಬೋರ್ಡಿನ ಹಿಂಭಾಗದಲ್ಲಿ ಅಲ್ವಾ? ಬ್ಲೇಡು 45 ಡಿಗ್ರಿ ಓರೆಯಾಗಿ ಹೊರಗಡೆಗೆ ಇಳಿಯುವುದರಿಂದ ಮುಂಭಾಗದ ಕಿಟಕಿ ಹಿಂಭಾಗದ ಗೆರೆಗಿಂತ ಪ್ರತಿ ಬದಿಯಲ್ಲೂ ಬೋರ್ಡಿನ ದಪ್ಪದಷ್ಟು ದೊಡ್ಡದಾಗುತ್ತದೆ. ಮಾಮೂಲಿ ಬೋರ್ಡು ಸುಮಾರು 1.5 ಮಿ.ಮೀ. ದಪ್ಪ. ಹಾಗಾಗಿ ಪೆನ್ಸಿಲ್ ಗೆರೆಗಳು ಕೂಡುವ ಜಾಗಕ್ಕಿಂತ ಅಷ್ಟೇ ಹಿಂದೆ ಬ್ಲೇಡು ಇಳಿಸಿ, ಕೊನೆಯಲ್ಲೂ ಅಷ್ಟೇ ದಾಟಿಸಿ ನಿಲ್ಲಿಸಿ. ಹಿಂದೆ ಸಣ್ಣ ಗೀರು ಉಳಿಯುತ್ತದೆ, ಅದು ಯಾರಿಗೂ ಕಾಣುವುದಿಲ್ಲ. ಕಟ್ಟರಿನಿಂದ ಕಟ್ಟರಿಗೆ ಕೊಂಚ ವ್ಯತ್ಯಾಸ ಇರುತ್ತದೆ, ಅದೇ ಬೋರ್ಡಿನ ತುಂಡಿನ ಮೇಲೆ ಮೊದಲು ನೋಡಿಕೊಳ್ಳಿ. ಮೂಲೆ ಬಿಡದಿದ್ದರೆ ಮಾತ್ರ ದಯವಿಟ್ಟು ಎಳೆಯಬೇಡಿ. ತೆಳ್ಳನೆ ರೇಜರ್ ಬ್ಲೇಡನ್ನು ಅದೇ ಓರೆಯಲ್ಲಿ ಸೀಳಿನೊಳಗೆ ತೂರಿಸಿ ಬಿಡಿಸಿ.

ಕಾಗದದೋಣಿ:
ಅಂಚು ಜುಂಗಾಗುವುದು ಬ್ಲೇಡು ಮೊಂಡಾದಾಗ, ಇಲ್ಲವೇ ಕೆಳಗೆ ಆಸರೆ ಇಲ್ಲದಾಗ. ಅಡಿಯಲ್ಲಿ ಒಂದು ಬೇಡದ ಬೋರ್ಡ್ ತುಂಡು ಇಡಿ. ಬ್ಲೇಡು ಮೇಲಿನ ಬೋರ್ಡನ್ನು ದಾಟಿ ಕೆಳಗಿನದನ್ನು ಸ್ವಲ್ಪ ಗೀರಿದರೆ ಸಾಕು. ಜಾಸ್ತಿ ಹೊರಗೆ ಬಿಟ್ಟರೆ ಬ್ಲೇಡು ಬಾಗಿ ಮೂಲೆಯ ಹತ್ತಿರ ಕಟ್ ಕೊಕ್ಕೆ ಹಾಗೆ ತಿರುಗುತ್ತದೆ. ಒಂದೇ ಎಳೆತದಲ್ಲಿ ಮುಗಿಸಿ, ಓರೆ ಕಟ್‌ನಲ್ಲಿ ಎರಡನೇ ಸಲ ಹೋದರೆ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ. ಬ್ಲೇಡಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಸಣ್ಣ ಜುಂಗು ಇದ್ದರೆ ನುಣುಪಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ.

ನೀಲಿಕುಂಚ:
ಓಹ್, ನಾನು ಗೆರೆಯ ಮೇಲೆಯೇ ಸರಿಯಾಗಿ ನಿಲ್ಲಿಸುತ್ತಿದ್ದೆ, ಅದಕ್ಕೇ ಮುಂದೆ ಬಿಡುತ್ತಿರಲಿಲ್ಲ. ಕಿಟಕಿ ಚಿತ್ರಕ್ಕಿಂತ ಎಷ್ಟು ಚಿಕ್ಕದಿರಬೇಕು?

ಹಳೆಚಿತ್ರ:
ಪ್ರತಿ ಬದಿ 3 ಮಿ.ಮೀ. ಮುಚ್ಚಿದರೆ ಸಾಕು. ಸಹಿ ಅಂಚಿಗೆ ಹತ್ತಿರ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ವರ್ಷ ಕಳೆದಂತೆ ಅದರ ಗೋಂದು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಆ ಕಲೆ ತೆಗೆಯುವುದು ತುಂಬಾ ಕಷ್ಟ. ತೆಳು ಜಪಾನಿ ಕಾಗದದ ಎರಡು ಪಟ್ಟಿ, ಗೋಧಿ ಪಿಷ್ಟದ ಅಂಟು, ಇಷ್ಟು ಸಾಕು. ಮೇಲಿನ ಅಂಚಿಗೆ ಮಾತ್ರ ಹಾಕಿ, ಅದೂ ಹಿಂದಿನ ಹಲಗೆಗೆ, ಕಿಟಕಿಯ ಮ್ಯಾಟಿಗಲ್ಲ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಅಲೆ ಅಲೆಯಾಗಿ ಉಬ್ಬುತ್ತದೆ.

ಬೋರ್ಡು ಆಮ್ಲರಹಿತವಾ ಅಂತ ಕೇಳಿ ಕೊಳ್ಳಿ. ಅಗ್ಗದ ಮರತಿರುಳಿನ ಬೋರ್ಡು ಕಾಲ ಕಳೆದಂತೆ ಕಿಟಕಿಯ ಅಂಚಿನುದ್ದಕ್ಕೂ ಚಿತ್ರದ ಮೇಲೆ ಕಂದು ಗೆರೆ ಬಿಡುತ್ತದೆ. ಹತ್ತಿಯ ಬೋರ್ಡಿಗೆ ದುಡ್ಡು ಜಾಸ್ತಿ, ಆದರೆ ಇಟ್ಟುಕೊಳ್ಳಬೇಕಾದ ಚಿತ್ರಕ್ಕೆ ಅದನ್ನೇ ಹಾಕಿ. ಅಭ್ಯಾಸಕ್ಕೆ ಅಗ್ಗದ್ದೇ ಸಾಕು.