ಹಳದಿ ಫಿಲ್ಟರ್ ಹಾಕಿದ್ರೂ ಎಲೆ ಕೆಂಪಾಗ್ತಿಲ್ಲ, ಎಲ್ಲಿ ತಪ್ತಿದೀನಿ?

ದಾಸವಾಳದ_ಮನೆ:
ನಮಸ್ಕಾರ ಎಲ್ರಿಗೂ. ಬೀರುನಲ್ಲಿ ಸುಮ್ನೆ ಬಿದ್ದಿದ್ದ ಹಳೇ ಡಿಎಸ್‌ಎಲ್‌ಆರ್‌ನ ಫುಲ್ ಸ್ಪೆಕ್ಟ್ರಮ್ ಮಾಡ್ಸಿದೀನಿ, ಅಂದ್ರೆ ಸೆನ್ಸರ್ ಮುಂದೆ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ, ಕೆಂಪಿನ ಆಚೆಗಿನ ಬೆಳಕು) ತಡೆಯೋ ಗಾಜು ತೆಗ್ಸಿ ಸಾದಾ ಗಾಜು ಹಾಕ್ಸಿದೀನಿ. ಕೊಡಾಕ್ ಏರೋಕ್ರೋಮ್ ಅನ್ನೋ ಇನ್‌ಫ್ರಾರೆಡ್ ಕಲರ್ ಫಿಲ್ಮಲ್ಲಿ ಮರಗಿಡ ಎಲ್ಲಾ ಕುಂಕುಮ ಚೆಲ್ಲಿದಂಗೆ ಬರ್ತಿತ್ತಲ್ಲ, ಅದು ನನ್ನ ಆಸೆ. ಮೊದ್ಲು ಹೆಚ್ಚುಕಮ್ಮಿ ಇನ್‌ಫ್ರಾರೆಡ್ ಮಾತ್ರ ಬಿಡೋ 720 ಎನ್‌ಎಂ (ನ್ಯಾನೋಮೀಟರ್) ಫಿಲ್ಟರ್ ಹಾಕಿ, ಫೋಟೋದ ಕೆಂಪು, ಹಸಿರು, ನೀಲಿ ಪದರಗಳಲ್ಲಿ (ಚಾನೆಲ್) ಕೆಂಪು-ನೀಲಿ ಅದಲುಬದಲು ಮಾಡ್ದೆ, ಆಕಾಶ ನೀಲಿ ಬಂತು, ಎಲೆ ಸುಣ್ಣ ಬಳ್ದಂಗೆ ಬಿಳಿ. ಆಮೇಲೆ 12 ನಂಬರ್ ಹಳದಿ ಫಿಲ್ಟರ್ ತಗೊಂಡು ಅದನ್ನೇ ಮಾಡಿದ್ರೆ ಎಲ್ಲಾ ಬಣ್ಣ ಹೋದ ಸೀರೆ ಥರ. ಎರಡು ಭಾನುವಾರ ಇದ್ರಲ್ಲೇ ಹೋಯ್ತು.

ರೋಲ್36:
720 ಹಸಿರು ಬೆಳಕನ್ನ ಒಳಗೇ ಬಿಡಲ್ಲ, ಅದ್ರಲ್ಲಿ ಆ ಬಣ್ಣ ಬರಲ್ಲ. ಹಳದಿದಕ್ಕೆ ಸಾಫ್ಟ್‌ವೇರಲ್ಲಿ ಬಣ್ಣ ತಿರುಗ್ಸೋ ಹ್ಯೂ ಸ್ಲೈಡರ್ ಎಳೀರಿ, ಕೆಂಪಾಗತ್ತೆ, ಯಾರಿಗೆ ಗೊತ್ತಾಗತ್ತೆ 😄

ತೆಂಗಿನಗರಿ:
ರೋಲ್ ಸಾರ್, ಹ್ಯೂ ಎಳೆದ್ರೆ ಹಸಿರು ಪೇಂಟ್ ಹೊಡೆದ ಗೇಟೂ ಕೆಂಪಾಗತ್ತೆ, ಆಮೇಲೆ ಮಜಾ ಎಲ್ಲಿ ಉಳೀತು? ಜೀವಂತ ಎಲೆ ಇನ್‌ಫ್ರಾರೆಡ್ ಜೋರಾಗಿ ಎಸೆಯತ್ತೆ, ಪೇಂಟನ್ನೂ ಜೀವಂತ ಎಲೆಯನ್ನೂ ಬೇರೆ ಮಾಡಿ ತೋರ್ಸೋದಕ್ಕೇ ಅಲ್ವಾ ಆ ಥರ ಫಿಲ್ಮ್ ಹುಟ್ಟಿದ್ದು.

ದಾಸವಾಳ ಅವ್ರೇ, ಇಲ್ಲಿ ಅದಲುಬದಲು ಸಾಲಲ್ಲ, ಒಂದು ಚಾನೆಲಿಂದ ಇನ್ನೊಂದನ್ನ ಕಳೀಬೇಕು. ಹಳದಿ ಫಿಲ್ಟರ್ ನೀಲಿ ಬೆಳಕನ್ನ ತಡೆಯತ್ತೆ, ಇನ್‌ಫ್ರಾರೆಡ್ ತಡೆಯಲ್ಲ, ಹಂಗಾಗಿ ನಿಮ್ಮ ನೀಲಿ ಚಾನೆಲಲ್ಲಿ ಇರೋದು ಹೆಚ್ಚುಕಮ್ಮಿ ಬರೀ ಇನ್‌ಫ್ರಾರೆಡ್. ಕೆಂಪು ಚಾನೆಲಲ್ಲಿ ಕೆಂಪು ಪ್ಲಸ್ ಇನ್‌ಫ್ರಾರೆಡ್, ಹಸಿರಲ್ಲಿ ಹಸಿರು ಪ್ಲಸ್ ಇನ್‌ಫ್ರಾರೆಡ್. ಚಾನೆಲ್ ಮಿಕ್ಸರಲ್ಲಿ (ಚಾನೆಲ್‌ಗಳನ್ನ ಕೂಡಿಸಿ ಕಳೆಯೋ ಟೂಲ್) ಹೊಸ ಕೆಂಪು ಅಂದ್ರೆ ನೀಲಿ ಪೂರ್ತಿ, ಹೊಸ ಹಸಿರು ಅಂದ್ರೆ ಕೆಂಪು ಮೈನಸ್ ನೀಲಿ, ಹೊಸ ನೀಲಿ ಅಂದ್ರೆ ಹಸಿರು ಮೈನಸ್ ನೀಲಿ. ಸ್ಯಾಟಲೈಟ್ ಚಿತ್ರದಲ್ಲಿ ಬೆಳೆ ಕೆಂಪಗೆ ಕಾಣೋದೂ ಇದೇ ಬಣ್ಣದ ಲೆಕ್ಕದಲ್ಲಿ. ನಮ್ಮ ದೇಶದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರಲ್ಲಿ, ಅದಕ್ಕೂ ಎಷ್ಟೋ ಮೊದ್ಲೇ ವಿಜ್ಞಾನಿ ಪಿಷಾರೊಟಿಯವ್ರು ಕೇರಳದಲ್ಲಿ ಹೆಲಿಕಾಪ್ಟರಿಂದ ಇಂಥ ಫಿಲ್ಮಲ್ಲಿ ತೆಂಗಿನ ತೋಟದ ಫೋಟೋ ತೆಗ್ಸಿ ರೋಗದ ಮರ ಹುಡುಕಿದ್ರು. ನನಗೆ ಈ ಹುಚ್ಚು ಹಿಡ್ದಿದ್ದೇ ಅದನ್ನ ಓದಿ.

ದಾಸವಾಳದ_ಮನೆ:
ಮಾಡ್ದೆ ಅಣ್ಣಾ, ಈಗ ಉಲ್ಟಾ. ಎಲೆ ಕೆಂಪು, ಗೋಡೆ ಕೆಂಪು, ರಸ್ತೆ ಕೆಂಪು, ಪಕ್ಕದ್ಮನೆ ಬಿಳಿ ನಾಯೀನೂ ಕೆಂಪು. ಓಕುಳಿ ಆಡ್ದಂಗಿದೆ.

ತೆಂಗಿನಗರಿ:
ಹಹ, ನಾಯಿ ಪಾಪ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಂಗೆ ಬಣ್ಣ ಸರಿಮಾಡೋ ಸೆಟ್ಟಿಂಗ್) ಏನಿಟ್ಟಿದೀರಾ? ಡೇಲೈಟಲ್ಲಿ ಇದ್ರೆ ಸಾಫ್ಟ್‌ವೇರ್ ನೀಲಿ ಚಾನೆಲನ್ನ ಒಂದೂವರೆ ಎರಡು ಪಟ್ಟು ಗುಣಿಸಿರತ್ತೆ, ಆಮೇಲೆ ನೀವು ಅದನ್ನ ಕಳೆದ್ರೆ ಇರಬೇಕಾದ್ದಕ್ಕಿಂತ ಜಾಸ್ತಿ ಕಳೆದಂಗಾಯ್ತು, ಹಸಿರು ನೀಲಿ ಎರಡೂ ಸೊನ್ನೆಗೆ ಹೋಗಿ ಉಳಿಯೋದು ಕೆಂಪೊಂದೇ. ಜೆಪೆಗ್ ಆಗಿದ್ರಂತೂ ಈ ಲೆಕ್ಕ ಕೂಡಲ್ಲ, ಸೆನ್ಸರಿನ ಮೂಲ ಅಂಕಿ ಇರೋ ರಾ ಫೈಲೇ ಬೇಕು. ರಾ ಫೈಲ್ ಎಡಿಟ್ ಮಾಡೋ ಡಾರ್ಕ್‌ಟೇಬಲ್ ಸಾಫ್ಟ್‌ವೇರ್ ಇದ್ರೆ ವೈಟ್ ಬ್ಯಾಲೆನ್ಸಲ್ಲಿ ಮೂರೂ ಗುಣಕ 1ಕ್ಕೆ ತನ್ನಿ, ಇನ್‌ಪುಟ್ ಪ್ರೊಫೈಲ್ ಲೀನಿಯರ್ ರೆಕ್709 ಮಾಡಿ (ಇಲ್ಲಾಂದ್ರೆ ಕ್ಯಾಮೆರಾ ಪ್ರೊಫೈಲ್ ಮೊದ್ಲೇ ಚಾನೆಲ್‌ಗಳನ್ನ ಕಲಸಿಬಿಡತ್ತೆ), ಕಲರ್ ಕ್ಯಾಲಿಬ್ರೇಷನಲ್ಲಿ ಅಡಾಪ್ಟೇಷನ್ ಬೈಪಾಸ್ ಮಾಡಿ, ಆಮೇಲೆ ಆರ್ ಜಿ ಬಿ ಟ್ಯಾಬಲ್ಲಿ ಮೇಲಿನ ಲೆಕ್ಕ. ಮೈನಸ್ 1 ಜಾಸ್ತಿ ಅನ್ಸಿದ್ರೆ 0.8ರ ಹತ್ರಕ್ಕೆ ಇಳ್ಸಿ, ಸೆನ್ಸರ್ ಮೇಲೆ ಹೋಗತ್ತೆ ಅದು.

ಐಎಸ್‌ಒ ಕಮ್ಮಿ ಇಡಿ, ಕಳೆದ ಮೇಲೆ ಉಳಿಯೋದೇ ಚೂರು, ಗ್ರೇನ್ ಎದ್ದು ಕಾಣತ್ತೆ. ಕೆಂಪು ಚಾನೆಲ್ ಒಡೆದ್ರೆ (ಬೆಳಕು ಜಾಸ್ತಿಯಾಗಿ ಮಿತಿ ಮುಟ್ಟಿದ್ರೆ) ಆ ಜಾಗದ ಕಥೆ ಮುಗೀತು, ಮತ್ತೆ ಕ್ಯಾಮೆರಾ ಹಿಂದಿನ ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ಜೆಪೆಗ್‌ದು, ನಂಬಬೇಡಿ.

ದಾಸವಾಳದ_ಮನೆ:
ಬಂತು ಅಣ್ಣಾ!! ವೈಟ್ ಬ್ಯಾಲೆನ್ಸೇ ಕಳ್ಳ. 0.85ಕ್ಕೆ ನಿಲ್ಸಿದೀನಿ. ಗೇಟ್ ನೀಲಿ, ಅದರ ಪಕ್ಕದ ಗಿಡದ ಎಲೆ ಕೆಂಪು, ನಾಯಿ ಬಿಳಿ. ಆದ್ರೆ ಕೆಂಪು ದಾಸವಾಳದ ಹೂವು ಹಳದಿ ಬಂದಿದೆ, ಇದು ತಪ್ಪಾ ಸರಿನಾ? ಅಮ್ಮ ನೋಡಿ ಇದ್ಯಾವ ಜಾತಿ ಗಿಡ, ಒಂದು ಕಡ್ಡಿ ತಂದುಕೊಡು ಅಂದ್ರು.

ತೆಂಗಿನಗರಿ:
ಸರಿ ಸರಿ. ಹೂವು ಕೆಂಪನ್ನೂ ಇನ್‌ಫ್ರಾರೆಡ್‌ನೂ ಎರಡೂ ಎಸೆಯತ್ತೆ, ಕೆಂಪು ಹೋಗಿ ಹಸಿರಾಗತ್ತೆ, ಇನ್‌ಫ್ರಾರೆಡ್ ಕೆಂಪಾಗತ್ತೆ, ಎರಡೂ ಸೇರಿದ್ರೆ ಹಳದಿ.

ರೋಲ್36:
ಒಪ್ಕೊಂಡೆ, ಹ್ಯೂ ಎಳೆದು ಇದು ಬರಲ್ಲ. ಆದ್ರೆ ಮಧ್ಯದಲ್ಲಿ ಒಂದು ಮಬ್ಬು ಬೆಳಕಿನ ಗುಂಡು ಮಚ್ಚೆ ಕಾಣ್ತಿದೆಯಲ್ಲ, ಎಫ್/16ಲ್ಲಿ ತೆಗ್ದಿದೀರಾ? ಅದು ಲೆನ್ಸೊಳಗೆ ಇನ್‌ಫ್ರಾರೆಡ್ ಪ್ರತಿಫಲಿಸಿ ಬರೋ ಹಾಟ್‌ಸ್ಪಾಟ್, ಅಪರ್ಚರ್ (ಲೆನ್ಸಿನ ಕಿಂಡಿ) ಮುಚ್ಚಿದಷ್ಟೂ ಜಾಸ್ತಿ. ಎಫ್/5.6ಕ್ಕೆ ತೆರೆದು ನೋಡಿ, ಆಗ್ಲೂ ಬಂದ್ರೆ ಲೆನ್ಸ್ ಬದಲಾಯ್ಸೋದೇ.