ಪದಚರ್ಚೆ: ಯುದ್ಧನೌಕೆಗೆ ಒಗ್ಗುವ ಡೀಸೆಲ್‌ಗೆ ಏನೆನ್ನೋಣ?

ಗೆಳೆಯರೇ,

ಪೆಟ್ರೋಲಿಯಂ ಬಳಕೆ ತಗ್ಗಿಸಲು ಅಮೆರಿಕದ ನೌಕಾಪಡೆ ನಡೆಸಿದ ‘ಗ್ರೇಟ್ ಗ್ರೀನ್ ಫ್ಲೀಟ್’ ಪ್ರಯೋಗದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಮೂರು ಪದಗಳಿಗೆ ನಿಮ್ಮ ನೆರವು ಬೇಕು.

2012ರ ಜುಲೈಯಲ್ಲಿ ಹವಾಯಿ ಬಳಿ, ನಿಮಿಟ್ಜ್ ವಿಮಾನವಾಹಕದ ಜೊತೆಗಿದ್ದ ಹಡಗುಗಳು (ನಿಮಿಟ್ಜ್ ಅಣುಶಕ್ತಿಯದು) ಅರ್ಧಕ್ಕರ್ಧ ಮಿಶ್ರಣದಲ್ಲಿ ಓಡಿದವು: ಒಂದು ಪಾಲು ಪೆಟ್ರೋಲಿಯಂ, ಇನ್ನೊಂದು ಪಾಲು ಕರಿದು ಉಳಿದ ಎಣ್ಣೆ ಮತ್ತು ಪಾಚಿ ಎಣ್ಣೆಯಿಂದ ಮಾಡಿದ್ದು. ‘ಜೈವಿಕ ಡೀಸೆಲ್’ ಎಂದು ಬರೆದರೆ ಸಾಲದು. ನಮ್ಮಲ್ಲಿ ಆ ಹೆಸರು ಹೊಂಗೆ ಎಣ್ಣೆಯ ಡೀಸೆಲ್‌ಗೆ ಅಂಟಿಕೊಂಡಿದೆ. ಅದು ಎಣ್ಣೆಗೆ ಮೆಥನಾಲ್ ಸೇರಿಸಿ ಮಾಡುವ ಎಸ್ಟರ್ ಎಂಬ ರಾಸಾಯನಿಕ. ಆಮ್ಲಜನಕ ಅದರಲ್ಲೇ ಉಳಿದಿರುತ್ತದೆ, ಹಾಗಾಗಿ ಈ ಡೀಸೆಲ್ ನೀರನ್ನು ಎಳೆದುಕೊಳ್ಳುತ್ತದೆ. ನೌಕಾಪಡೆಗೆ ಆಗದಿರುವುದು ಇದೇ. ಅವರ ಆರ್ಲೀ ಬರ್ಕ್ ವರ್ಗದ ಡೆಸ್ಟ್ರಾಯರ್ ಯುದ್ಧನೌಕೆಗಳಲ್ಲಿ ಟ್ಯಾಂಕಿನ ಡೀಸೆಲ್ ಖರ್ಚಾದಂತೆ ಆ ಜಾಗಕ್ಕೆ ಸಮುದ್ರದ ನೀರು ತುಂಬುತ್ತದೆ, ಹಡಗಿನ ಸಮತೋಲ ಕೆಡದಿರಲಿ ಎಂದು. ಮೇಲೆ ಡೀಸೆಲ್, ಕೆಳಗೆ ಉಪ್ಪುನೀರು, ನಡುವೆ ಗೋಡೆಯಿಲ್ಲ. ಎರಡೂ ಬೇರೆಬೇರೆಯಾಗಿ ನಿಲ್ಲಬೇಕು. ಎಸ್ಟರ್ ಹಾಗೆ ನಿಲ್ಲುವುದಿಲ್ಲ, ನೀರಿನೊಂದಿಗೆ ಕಲಸಿಕೊಳ್ಳುತ್ತದೆ.

ಅದಕ್ಕೇ ಅವರು ಬಳಸಿದ್ದು ಜಲಜನಕ ಹಾಯಿಸಿ ಆಮ್ಲಜನಕ ತೆಗೆದ ಇಂಧನ. ಅದು ಮಾಮೂಲಿ ಡೀಸೆಲ್ಲಿನಂತೆಯೇ ಇರುತ್ತದೆ; ಎಂಜಿನ್ನು, ಪೈಪು ಏನನ್ನೂ ಬದಲಿಸದೆ ಸುರಿಯಬಹುದು. 2016ರಲ್ಲಿ ಸ್ಯಾನ್ ಡಿಯಾಗೋದಿಂದ ಹೊರಟ ಸ್ಟಾಕ್‌ಡೇಲ್ ನೌಕೆಯ ಇಂಧನದಲ್ಲಿ ಶೇ 10ರಷ್ಟು ದನದ ಕೊಬ್ಬಿನಿಂದ ಮಾಡಿದ್ದಿತ್ತು. ಇಂಗ್ಲಿಷಿನಲ್ಲಿ ಇದು ‘ರಿನ್ಯೂಯಬಲ್ ಡೀಸೆಲ್’. ಏನೂ ಬದಲಿಸದೆ ಹೊಂದಿಕೊಳ್ಳುವ ಆ ಗುಣಕ್ಕೆ ‘ಡ್ರಾಪ್-ಇನ್’.

‘ನವೀಕರಿಸಬಹುದಾದ ಡೀಸೆಲ್’ ಎಂದರೆ ಹಳೇ ಡೀಸೆಲ್ಲನ್ನೇ ಶುದ್ಧಮಾಡಿದಂತೆ ಕೇಳಿಸುತ್ತದೆ. ‘ಪರ್ಯಾಯ ಇಂಧನ’ ಎಂದರೆ ಸಿಎನ್‌ಜಿ, ಬ್ಯಾಟರಿ ಎಲ್ಲವೂ ಒಳಗೆ ಬಂದವು. ‘ಹಸಿರು ಡೀಸೆಲ್’ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ: ಆ ಕೊಬ್ಬು ಎಲ್ಲಿಂದ ಬಂತು, ಎಷ್ಟು ಇಂಗಾಲ ಉಳಿಯಿತು ಎಂಬ ಲೆಕ್ಕ ಹಾಕುವ ಮೊದಲೇ ಹೊಗಳಿದಂತಾಗುತ್ತದೆ. ಮೊದಲ ಸಲ ಬರುವಾಗ ‘ಎಸ್ಟರ್ ಜೈವಿಕ ಡೀಸೆಲ್’, ‘ಜಲಜನಕಿತ ಜೈವಿಕ ಡೀಸೆಲ್’ ಎಂದು ಎರಡನ್ನೂ ಬಿಡಿಸಿ ಬರೆಯುವುದೇ ಸರಿ ಎಂಬುದು ನನ್ನ ಅನಿಸಿಕೆ. ‘ಡ್ರಾಪ್-ಇನ್’ಗೆ ‘ನೇರಬಳಕೆ’ ಹೊಳೆದಿತ್ತು, ಆದರೆ ಮಿಶ್ರಣ ಮಾಡದೆ ಬಳಸುವುದು ಎಂಬ ಅರ್ಥ ಬಂದುಬಿಡುತ್ತದೆ. ಊರ ನೀರು ಮೈಗೆ ಒಗ್ಗಿತು ಅನ್ನುತ್ತೇವಲ್ಲ, ಹಾಗೆ ‘ಒಗ್ಗುವ ಇಂಧನ’ ಎಂದರೆ ಹೇಗೆ?

ಇನ್ನೊಂದು, ಕರಾವಳಿಯವರಿಗೆ. ಬಂದರಿನಲ್ಲಿ ನಿಂತ ಹಡಗು ತನ್ನ ಜನರೇಟರ್ ಆರಿಸಿ ದಡದಿಂದ ಕರೆಂಟು ತೆಗೆದುಕೊಳ್ಳುವುದಕ್ಕೆ ‘ಕೋಲ್ಡ್ ಐರನಿಂಗ್’ ಎನ್ನುತ್ತಾರೆ. ಕಲ್ಲಿದ್ದಲ ಕಾಲದಲ್ಲಿ ಬೆಂಕಿ ಆರಿ ಕಬ್ಬಿಣದ ಎಂಜಿನ್ ತಣ್ಣಗಾಗುತ್ತಿದ್ದುದರಿಂದ ಬಂದ ಮಾತು. ಮಂಗಳೂರಿನವರ ‘ದಕ್ಕೆ’ಯನ್ನು (ಹಡಗು, ದೋಣಿ ನಿಲ್ಲುವ ಕಟ್ಟೆ) ಹಿಡಿದು ‘ದಕ್ಕೆ ಕರೆಂಟು’ ಎನ್ನಬಹುದೇ? ಕಾರವಾರದ ಕದಂಬ ನೌಕಾನೆಲೆಯಲ್ಲಿ ಕೆಲಸ ಮಾಡಿದವರಿದ್ದರೆ, ಅಲ್ಲಿನ ಕನ್ನಡದವರು ಇದಕ್ಕೆ ಏನನ್ನುತ್ತಾರೆ ತಿಳಿಸಿ.