ಷಟ್ಕೋನ ಕ್ವಿಲ್ಟ್‌ಗೆ ಯಾವ ಕಾಗದ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಷಟ್ಕೋನ ಕ್ವಿಲ್ಟ್ (ಆರು ಮೂಲೆಯ ತುಂಡು ಜೋಡಿಸಿದ ಕೌದಿಯಂಥ ಹೊದಿಕೆ) ಹೊಲಿಯುತ್ತಿದ್ದೇನೆ. ಪ್ರತಿ ತುಂಡು ಬಟ್ಟೆಯನ್ನೂ ಕಾಗದದ ಅಚ್ಚಿನ ಮೇಲೆ ಮಡಚಿ, ತುಂಡುಗಳನ್ನು ಜೋಡಿಸಿದ ಮೇಲೆ ಕಾಗದ ತೆಗೆಯಬೇಕು. ಈ ಒಳಗಿಡುವ ಅಚ್ಚಿನ ವಿಷಯದಲ್ಲಿ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಪ್ರಿಂಟರ್ ಕಾಗದ ಬಳಸಿದೆ. ಬಟ್ಟೆಯ ಅಂಚು ಮಡಚಿ ದಾರ ಎಳೆದ ತಕ್ಷಣ ಮೂಲೆ ಬಾಗುತ್ತದೆ. ಒಂದು ಮೂಲೆ ಮೊಂಡಾದರೂ ಸಾಕು, ಮೂರು ತುಂಡು ಸೇರುವ ಜಾಗದಲ್ಲಿ ಸಣ್ಣ ತೂತು ಉಳಿಯುತ್ತದೆ. ಆಮೇಲೆ 200 ಜಿಎಸ್‌ಎಂ ಕಾರ್ಡ್ ಹಾಕಿದೆ. ಅಂಚು ಎಷ್ಟು ಚೂಪಾಗಿ ಬಂತು ಅಂದರೆ, ನೋಡುವುದಕ್ಕೇ ಖುಷಿ! ಆದರೆ ಪಕ್ಕದ ತುಂಡು ಜೋಡಿಸುವಾಗ ಮಧ್ಯದಲ್ಲಿ ಮಡಚಬೇಕಲ್ವಾ, ಅದು ಬಗ್ಗುವುದೇ ಇಲ್ಲ. ಟಾಕಾ ಹಾಕುವ ಬದಲು ಅಂಟು ಹಚ್ಚಿಯೂ ನೋಡಿದೆ. ತೆಗೆಯುವಾಗ ಕಾಗದ ಹರಿದುಹೋಗುತ್ತದೆ.

ಅಳತೆಯಲ್ಲಿ ಗೊಂದಲ ಇಲ್ಲ. 1 ಇಂಚಿನ ಅಚ್ಚು, ಅಂದರೆ ಒಂದು ಬದಿ 1 ಇಂಚು, ಮೂಲೆಯಿಂದ ಎದುರು ಮೂಲೆಗೆ 2 ಇಂಚು. ಸುತ್ತ ಕಾಲು ಇಂಚು ಬಟ್ಟೆ ಬಿಟ್ಟಿದ್ದೇನೆ.

ಮೂಲೆ ಗಟ್ಟಿಯಾಗಿ ನಿಲ್ಲಬೇಕು, ಹೊಲಿಯುವಾಗ ಬಗ್ಗಬೇಕು, ಎರಡು ಮೂರು ಸಲವಾದರೂ ಮತ್ತೆ ಬಳಸುವಂತಿರಬೇಕು. ಇದಕ್ಕೆ ಎಷ್ಟು ಜಿಎಸ್‌ಎಂ ಕಾಗದ ಸರಿ? ಕತ್ತರಿಯಲ್ಲಿ ಕತ್ತರಿಸಿದರೆ ಸಾಕಾ, ಯಂತ್ರದಲ್ಲಿ ಕತ್ತರಿಸಿದ ಅಚ್ಚೇ ಬೇಕಾ? ಹೊಲಿದು ಅನುಭವ ಇರುವವರು ದಯವಿಟ್ಟು ಹೇಳಿ.